ಬಸ್ಸಿಲ್ಲದ ದಾರಿಗೆ ಹೊರಟ ಕಂಟ್ರೋಲರು

ನಮ್ಮ ಸೀಮೆಯಲ್ಲಿ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವುದು ಮಹಾಪಾಪ. ಹಾಗೆ ಕೇಳಿದರೆ ಹೋಗುವ ಕೆಲಸ ಕೆಡುತ್ತದಂತೆ. ಹೊರಟವನು ವಾಪಸು ಬಂದು, ಜಗುಲಿಯ ಮೇಲೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಅದಕ್ಕೇ ನಮ್ಮವರು ‘ಎಲ್ಲಿಗೆ’ ಎನ್ನುವುದಿಲ್ಲ, ‘ದೂರಾ?’ ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ‘ಹೂಂ, ಸ್ವಲ್ಪ ದೂರವೇ’ ಎಂದು ತಪ್ಪಿಸಿಕೊಳ್ಳುತ್ತೇನೆ ಅಂದುಕೊಂಡರೆ ನೀವು ನಮ್ಮ ಕಡೆಯವರಲ್ಲ. ಯಾವ ಊರಿಗೆ, ಯಾರ ಮನೆಗೆ, ಏನು ವಿಶೇಷ, ಮನೆಯವರು ಯಾಕೆ ಜೊತೆಗೆ ಬರಲಿಲ್ಲ, ಎಲ್ಲವನ್ನೂ ನೀವಾಗಿಯೇ ಒಪ್ಪಿಸುವ ತನಕ ಎದುರಿನವರು ನಗುತ್ತಾ ನಿಂತೇ ಇರುತ್ತಾರೆ. ಮದುವೆಗೆ ಹೊರಟೆ ಎಂದರೆ ನಂಬುತ್ತಾರೆ, ಮಣ್ಣಿಗೆ ಹೊರಟೆ ಎಂದರೆ ನಂಬುತ್ತಾರೆ, ಕೋರ್ಟಿಗೆ ಎಂದರಂತೂ ಇನ್ನೂ ಚೆನ್ನಾಗಿ ನಂಬುತ್ತಾರೆ. ನಂಬದ ಉತ್ತರ ಒಂದೇ ಒಂದು: ‘ಎಲ್ಲಿಗೂ ಇಲ್ಲ, ಸುಮ್ನೆ.’ ಈಚೆಗೆ ನನಗೊದಗಿದ ಕಷ್ಟಕ್ಕೆಲ್ಲ ಈ ಒಂದು ಉತ್ತರವೇ ಮೂಲ.

ನಾನು ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರು. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು, ಮೈಕಿನಲ್ಲಿ ‘ಕೋಲಾರ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ’ ಎಂದು ಕೂಗುತ್ತಾನಲ್ಲ, ಆ ಮನುಷ್ಯ. ನನ್ನ ಮುಖ ಗೊತ್ತಿಲ್ಲದವರಿಗೂ ನನ್ನ ಗಂಟಲು ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಒಂದು ಕಡೆ ಹಾರನ್ನು, ಒಂದು ಕಡೆ ಕಂಡಕ್ಟರುಗಳ ಸೀಟಿ, ಅದರ ಮೇಲೆ ಶ್ರೀನಿವಾಸಪುರದ ಬಸ್ಸು ಎಲ್ಲಿ ಸತ್ತಿತು ಎಂದು ಕಿಟಕಿಗೆ ಬಂದು ಜಗಳವಾಡುವವರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಜಗಳದ ದನಿಯೂ ಒಂದು ಶ್ರುತಿ ಮೇಲಕ್ಕೇರಿದೆ. ಮನೆಯಾದರೂ ಶಾಂತವಾಗಿದೆಯೇ ಅಂದರೆ, ಅದು ನಂಗಲಿಯ ಕಡೆಗೆ ಹೋಗುವ ಹೆದ್ದಾರಿಗೆ ಬೆನ್ನು ತಿರುಗಿಸಿಕೊಂಡು ನಿಂತಿದೆ. ಆಂಧ್ರಕ್ಕೆ ಹೋಗುವ ಲಾರಿಗಳೆಲ್ಲ ನಮ್ಮ ಅಡುಗೆಮನೆಯ ಹಿಂದೆಯೇ ಗೇರು ಬದಲಿಸುತ್ತವೆ. ಇಷ್ಟರ ನಡುವೆ ನನಗೇ ತಿಳಿಯದಂತೆ ನನ್ನ ಮಾತೂ ಮೈಕಿನ ಮಾತಾಗಿಬಿಟ್ಟಿದೆ. ಒಂದು ದಿನ ಕಾಫಿ ಕೇಳಿದೆ. ಒಳಗಿನಿಂದ ನನ್ನ ಹೆಂಡತಿ ಸುಜಾತಾ, ‘ರೀ, ಕಾಫಿ ಯಾವ ಪ್ಲಾಟ್‌ಫಾರಂಗೆ ತರ್ಲಿ?’ ಎಂದಳು. ಆ ಹೊತ್ತಿಗೆ ಪಕ್ಕದ ಮನೆಯವರು ತಾವೇ ಒಂದು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದರು, ಕೂಗು ಕೇಳಿ.

ಹೀಗೆಯೇ ಇದ್ದರೆ ಕಿವಿಯೋ ತಲೆಯೋ ಎರಡರಲ್ಲಿ ಒಂದು ಹೋಗುತ್ತದೆ ಎಂದು ಹೆದರಿ ನಾನೊಂದು ಸೈಕಲ್ ಕೊಂಡೆ. ಗೇರಿನ ಸೈಕಲ್ಲು, ತಲೆಗೊಂದು ಶಿರಸ್ತ್ರಾಣ, ಹ್ಯಾಂಡಲ್ಲಿಗೆ ಮೊಬೈಲ್ ಸಿಕ್ಕಿಸಲು ಒಂದು ಕೊಂಡಿ. ಸಂಬಳದ ಕೆಲಸದಲ್ಲಿರುವ, ತಲೆ ನರೆತ ಗಂಡಸು ಸೈಕಲ್ ಹತ್ತಿದರೆ ಊರು ಏನೆಲ್ಲ ಅಂದುಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಸ್ಕೂಟರ್ ಮಾರಿದಿರಾ ಎಂದು ಕೆಲವರು ಕೇಳಿದರು. ‘ಶುಗರ್ರಾ?’ ಎಂದು ದನಿ ತಗ್ಗಿಸಿ ಕೇಳಿದವರು ಹಲವರು. ದೋಸೆ ಹೋಟೆಲಿನವನಂತೂ ನನ್ನನ್ನು ಕಂಡೊಡನೆ, ‘ಸಾರ್‌ಗೆ ತುಪ್ಪ ಹಾಕ್ಬೇಡ್ವೋ’ ಎಂದು ಒಳಕ್ಕೆ ಕೂಗಿ ನನ್ನ ಬಾಳಿನ ಒಂದು ಸುಖವನ್ನು ಅಲ್ಲಿಗೇ ಮುಗಿಸಿದ. ಸುಜಾತಾ ಮಾತ್ರ ಏನೂ ಕೇಳಲಿಲ್ಲ. ‘ಹೆಂಗೂ ಹೋಗ್ತೀರ, ಬರ್ತಾ ದಂಟಿನ ಸೊಪ್ಪು ತನ್ನಿ’ ಎಂದು ಹ್ಯಾಂಡಲ್ಲಿಗೆ ಒಂದು ಬಟ್ಟೆ ಚೀಲ ತೂಗುಹಾಕಿದಳು. ಆ ಚೀಲ ನೇತುಬಿದ್ದ ಕ್ಷಣದಿಂದ ನನ್ನ ಗೇರಿನ ಸೈಕಲ್ಲು ಹಾಲು ಮಾರುವವರ ಸೈಕಲ್ಲಿನ ಜಾತಿಗೆ ಸೇರಿತು.

ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದೆಂದರೆ ಲಾರಿಗೆ ನಾವಾಗಿಯೇ ಮೈ ಕೊಟ್ಟಂತೆ. ಹುಡುಕುತ್ತಾ ಹುಡುಕುತ್ತಾ ಬೈರಕೂರಿನ ರಸ್ತೆಯಿಂದ ಒಳಕ್ಕೆ ಹೊರಳುವ ಕಾಲುವೆ ಸಿಕ್ಕಿತು. ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನೀರೊಯ್ಯುವ ಹಳೇ ಕಾಲುವೆ. ಬೆಂಗಳೂರು ಮಿಂದು ತೊಳೆದು ಬಿಟ್ಟ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸಲು ಶುರುಮಾಡಿದ ಮೇಲೆ ಇಂಥ ಕಾಲುವೆಗಳಿಗೆಲ್ಲ ಜೀವ ಬಂದಿದೆ. ಹೂಳು ತೆಗೆಯಲು ಬಂದ ಜೆಸಿಬಿ ಮಣ್ಣನ್ನೆಲ್ಲ ಪಕ್ಕದ ಹಳೇ ಬಂಡಿದಾರಿಯ ಮೇಲೆ ಹರಡಿ, ಅದು ಅಗಲವಾಗಿ, ಗಟ್ಟಿಯಾಗಿ, ಕಾಲುವೆಯ ಉದ್ದಕ್ಕೂ ಯರ್ರಪ್ಪನಹಳ್ಳಿಯ ತನಕ ಹೋಗಿತ್ತು. ಬೆಳಗ್ಗೆ ಆರೂವರೆಗೆ ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಎಡಕ್ಕೆ ನೀರು, ಬಲಕ್ಕೆ ಹಿಪ್ಪುನೇರಳೆ ತೋಟ, ಅದರಾಚೆ ರಾಗಿ. ಕೇಳಿಸುತ್ತಿದ್ದುದು ನನ್ನ ಸೈಕಲ್ ಚೈನಿನ ಸದ್ದು, ಆಗಾಗ ಒಂದು ಮಿಂಚುಳ್ಳಿ ನೀರಿಗೆ ಬಿದ್ದ ಸದ್ದು, ಅಷ್ಟೇ. ಮೊದಲ ದಿನ ಆ ಊರಿಗೆ ಸ್ವಲ್ಪ ಈಚೆಯೇ ಒಂದು ಹೊಂಗೆಮರದ ಕೆಳಗೆ ಇಳಿದು ನಿಂತು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಏನೂ ಕೇಳಿಸದಿರುವುದು ಇಷ್ಟು ಸುಖವೆಂದು ನನಗೆ ಗೊತ್ತೇ ಇರಲಿಲ್ಲ. ಸತ್ಯ ಹೇಳುತ್ತೇನೆ, ಕಣ್ಣು ತೇವವಾಯಿತು. ದಿನದಲ್ಲಿ ಈ ಒಂದು ಗಂಟೆ ನನಗಿದ್ದರೆ ಮಿಕ್ಕ ಹೊತ್ತು ಎಷ್ಟು ಬೇಕಾದರೂ ಕೂಗಿಯೇನು ಎಂದುಕೊಂಡೆ.

ಆ ಸುಖ ಒಂದು ವಾರ ಉಳಿಯಿತು. ಒಂದು ಬೆಳಗ್ಗೆ ಅದೇ ಹೊಂಗೆಮರದ ಕೆಳಗೆ ರೇಷ್ಮೆಗೂಡಿನ ಚೀಲ ಇಳಿಸಿಕೊಂಡು ಒಬ್ಬಾಕೆ ಕೂತಿದ್ದರು. ಯರ್ರಪ್ಪನಹಳ್ಳಿಯ ಮುನಿವೆಂಕಟಮ್ಮ. ಗೂಡು ಬಿಡಿಸಿದ ದಿನ ಕೋಲಾರದ ಮಾರುಕಟ್ಟೆಗೆ ಹೋಗಲು ಕಾಲುವೆಯುದ್ದಕ್ಕೂ ನಡೆದು ಬೈರಕೂರಿನ ರಸ್ತೆಗೆ ಬಂದು ಬಸ್ಸು ಹಿಡಿಯುತ್ತಿದ್ದರಂತೆ. ಮಂಡಿನೋವು, ಅದಕ್ಕೇ ಮರ ಕಂಡಲ್ಲೆಲ್ಲ ಕೂರುತ್ತಾರೆ.

‘ಏನ್ ಸಾರ್, ದೂರಾ?’ ಎಂದರು.

‘ಇಲ್ಲಮ್ಮ, ಸುಮ್ನೆ. ಹಂಗೇ ದಾರಿ ನೋಡ್ಕೊಂಡು ಹೋಗೋಣ ಅಂತ.’

ಆಕೆ ಒಂದು ಸಲ ನನ್ನನ್ನೂ, ನನ್ನ ಶಿರಸ್ತ್ರಾಣವನ್ನೂ, ಹ್ಯಾಂಡಲ್ಲಿನ ಮೇಲೆ ಹೊಳೆಯುತ್ತಿದ್ದ ಮೊಬೈಲನ್ನೂ ನೋಡಿದರು. ಆಮೇಲೆ ತಲೆ ಓರೆ ಮಾಡಿ, ‘ಈ ಗೊಂತು ಎಲ್ಲೋ ಕೇಳಿದೀನಿ’ ಎಂದರು. ಗೊಂತು ಅಂದರೆ ತೆಲುಗಿನಲ್ಲಿ ದನಿ. ನಮ್ಮ ಕಡೆ ಅರ್ಧ ಮಾತು ಆ ಭಾಷೆಯಲ್ಲೇ ನಡೆಯುತ್ತದೆ. ‘ನೀವು ಬಸ್‌ಸ್ಟಾಂಡ್‌ನಾಗೆ ಮೈಕಲ್ಲಿ ಕೂಗೋ ಕಂಟ್ರೋಲರ್ ಸಾರ್ ಅಲ್ವಾ?’

ಹೌದು ಎಂದೆ. ಗುರುತು ಹಿಡಿದರಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಆಕೆ ಚೀಲ ತಲೆಗೇರಿಸಿಕೊಂಡು, ಮಂಡಿಯ ಮೇಲೆ ಕೈಯೂರಿ ಎದ್ದು, ಬಂದ ಉದ್ದೇಶವೆಲ್ಲ ತಿಳಿದವರಂತೆ ನಕ್ಕು ಹೊರಟರು.

ಮಾರನೆಯ ದಿನ ದಾರಿಗೆ ಚಾಚಿದ್ದ ಜಾಲಿಮುಳ್ಳಿನ ಕೊಂಬೆಗಳನ್ನು ಯಾರೋ ಕಡಿದಿದ್ದರು. ನನಗೆ ಸಂತೋಷವಾಯಿತು. ಅದರ ಮಾರನೆಯ ದಿನ ನೀರು ನಿಲ್ಲುತ್ತಿದ್ದ ಗುಂಡಿಗೆ ಮಣ್ಣು ಬಿದ್ದಿತ್ತು. ಸೈಕಲ್ ತುಳಿಯುವವನಿಗೆ ಎಂಥ ಮರ್ಯಾದೆ ಕೊಡುವ ಜನ ಎಂದು ಸುಜಾತಾಗೆ ಹೇಳಿ ಹೊಗಳಿದೆ. ಅವಳು ಸೊಪ್ಪು ಸೋಸುತ್ತಾ, ‘ನಿಮಗೇ ಅಂತ ಯಾರ್ ಹೇಳಿದ್ರು?’ ಎಂದಳು. ಇವಳಿಗೆ ನನ್ನ ಬಗ್ಗೆ ಗೌರವ ಕಡಿಮೆ ಎಂದು ಸುಮ್ಮನಾದೆ. ಮತ್ತೊಂದು ದಿನ ಹೊಂಗೆಮರದ ಕೆಳಗೆ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸಿ ಕೂರಲು ಜಾಗ ಮಾಡಿದ್ದರು. ಚಪ್ಪಡಿಯ ಮೇಲೆ ನಾರಾಯಣಪ್ಪ ಕೂತಿದ್ದ. ಊರಲ್ಲಿ ಒಮ್ಮೆ ಪಂಚಾಯ್ತಿ ಮೆಂಬರ್ ಆಗಿದ್ದವನು, ಟೊಮ್ಯಾಟೊ ಬೆಳೆಯುತ್ತಾನೆ. ನನ್ನನ್ನು ಕಂಡವನೇ ಎದ್ದು, ‘ರಾಂಡಿ ಸಾರ್, ಬನ್ನಿ, ಕೂತ್ಕೊಳ್ಳಿ’ ಎಂದು ಎರಡು ಭಾಷೆಯಲ್ಲೂ ಸ್ವಾಗತಿಸಿ, ‘ಸ್ಟಾಪು ಇಲ್ಲೇನಾ, ಇಲ್ಲ ನಮ್ಮನೆ ಮುಂದ್ಕಾ?’ ಎಂದು ಕೇಳಿದ.

‘ಯಾವ ಸ್ಟಾಪು?’

‘ಬಸ್ಸಿಂದು ಸಾರ್.’

‘ಯಾವ ಬಸ್ಸು?’

ನಾರಾಯಣಪ್ಪ ಸುತ್ತಮುತ್ತ ನೋಡಿ, ಹತ್ತಿರ ಬಂದು, ‘ಗೊತ್ತು ಬಿಡಿ ಸಾರ್. ಆರ್ಡರ್ ಆಗೋಗಂಟ ಬಾಯಿ ಬಿಡಂಗಿಲ್ಲ. ನಾವೂ ಯಾರಿಗೂ ಹೇಳಲ್ಲ’ ಎಂದ. ಅವನ ಹಿಂದೆ ಹಿಪ್ಪುನೇರಳೆ ತೋಟದಲ್ಲಿ ನಿಂತಿದ್ದ ಹತ್ತಾರು ಜನ, ತಾವೂ ಯಾರಿಗೂ ಹೇಳುವುದಿಲ್ಲವೆಂದು ತಲೆಯಾಡಿಸಿದರು.

ಆಗ ನನಗೆ ಅರ್ಥವಾಯಿತು. ಬಸ್ಸಿನ ಕಂಟ್ರೋಲರು, ಬಸ್ಸೇ ಇಲ್ಲದ ದಾರಿಯಲ್ಲಿ, ದಿನಾ ಬೆಳಗ್ಗೆ, ನಿಧಾನವಾಗಿ, ಮೊಬೈಲು ನೋಡುತ್ತಾ, ಹೊಂಗೆಮರದ ಹತ್ತಿರ ಇಳಿದು ನಿಂತು, ‘ದಾರಿ ನೋಡಲು ಬಂದೆ’ ಎನ್ನುತ್ತಾನೆ. ಹೊಸ ಬಸ್ಸು ಬಿಡಲು ಗುಟ್ಟಾಗಿ ದಾರಿ ಸರ್ವೆ ಮಾಡುತ್ತಿದ್ದಾನೆ ಎನ್ನದೆ ಇನ್ನೇನನ್ನುತ್ತಾರೆ? ಸರ್ಕಾರದ ಸಂಬಳ ತಿನ್ನುವವನು ಹಳ್ಳಿಗೆ ಸುಮ್ಮನೆ ಬಂದದ್ದುಂಟೇ? ಬಂದರೆ ಏನಾದರೂ ಕೊಡಲು ಬರಬೇಕು, ಇಲ್ಲ ಕಿತ್ತುಕೊಳ್ಳಲು ಬರಬೇಕು.

ನಾನು ಬಿಡಿಸಿ ಹೇಳಿದೆ. ಬಸ್ಸು ಬರುವುದಿಲ್ಲ, ನಾನು ಬಂದದ್ದು ಸೈಕಲ್ ತುಳಿಯಲು ಎಂದೆ. ನಾರಾಯಣಪ್ಪ ನಕ್ಕ. ಇನ್ನೂ ಗಟ್ಟಿಯಾಗಿ ಹೇಳಿದೆ. ಜನ, ಆಹಾ, ಮೈಕ್ ಇಲ್ಲದೇನೇ ಹೆಂಗ್ ಕೇಳ್ತದೆ ನೋಡು ಎಂದು ಮೆಚ್ಚಿದರು. ಸಿಟ್ಟು ಬಂದು ಬಾಯಿ ಮುಚ್ಚಿದೆ. ಮೌನಂ ಸಮ್ಮತಿ ಲಕ್ಷಣಂ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಪಾಡು. ಅಲ್ಲಿಂದ ಮುಂದೆ ಆ ಒಂದು ಗಂಟೆಯ ಮೌನಕ್ಕೆ ಎಳ್ಳುನೀರು ಬಿಟ್ಟಂತೆಯೇ. ಹೊಂಗೆಮರವೋ ನಾರಾಯಣಪ್ಪನ ಮನೆಯೋ ಎಂಬ ವಿಷಯಕ್ಕೆ ಊರು ಎರಡು ಪಕ್ಷವಾಗಿ, ಎರಡೂ ಪಕ್ಷದವರು ಬೆಳಗ್ಗೆ ಆರೂವರೆಗೆ ಕಾಲುವೆ ದಂಡೆಯಲ್ಲಿ ಕಾಯತೊಡಗಿದರು. ಒಂದು ಪಕ್ಷ ನನ್ನ ಬಟ್ಟೆ ಚೀಲಕ್ಕೆ ಟೊಮ್ಯಾಟೊ ತುಂಬಿದರೆ, ಇನ್ನೊಂದು ಪಕ್ಷ ಅದನ್ನು ಸುರಿದು ಹುರುಳಿಕಾಯಿ ತುಂಬುತ್ತಿತ್ತು. ಆಚೆ ತುದಿಯಿಂದ ಹೋಗಿ ನೋಡಿದೆ, ಅಲ್ಲೂ ಇದ್ದರು. ಬೇರೆ ಅಂಗಿ, ಬೇರೆ ಟೋಪಿ ಹಾಕಿ, ತಲೆ ತಗ್ಗಿಸಿ ತುಳಿದೆ. ಧೂಳಿಗೆ ಒಂದು ಸಲ ಕೆಮ್ಮಿದ್ದೇ ತಪ್ಪಾಯಿತು. ‘ಕಂಟ್ರೋಲರ್ ಸಾರೇ ಕಣೋ, ಕೆಮ್ಮು ಕೇಳ್ಲಿಲ್ವಾ!’ ಎಂದು ತೋಟದೊಳಗಿನಿಂದ ಒಬ್ಬ ಕೂಗಿದ. ಬಸ್ ನಿಲ್ದಾಣದಲ್ಲಿ ಆಗುವುದಕ್ಕಿಂತ ಹೆಚ್ಚು ಜಗಳ ಆ ಕಾಲುವೆಯ ಮೇಲೆ ಆಯಿತು. ನಿಲ್ದಾಣದಲ್ಲಾದರೆ ಗಾಜಿನ ಕಿಟಕಿ ಮುಚ್ಚಿಕೊಳ್ಳಬಹುದು, ಸೈಕಲ್ಲಿಗೆ ಕಿಟಕಿಯೆಲ್ಲಿ?

ಕೊನೆಗೆ ಇದಕ್ಕೆಲ್ಲ ಕಾರಣರಾದ ಮುನಿವೆಂಕಟಮ್ಮನಿಗೇ ನಿಜ ಹೇಳಿ ಮುಗಿಸೋಣ ಎಂದು ನಿಶ್ಚಯಿಸಿದೆ. ಮತ್ತೊಮ್ಮೆ ಗೂಡಿನ ಚೀಲದೊಂದಿಗೆ ಸಿಕ್ಕಾಗ ಸೈಕಲ್ ಇಳಿದು, ಚಪ್ಪಡಿಯ ಮೇಲೆ ಆಕೆಯ ಪಕ್ಕ ಕೂತು, ಮೆತ್ತಗಿನ ದನಿಯಲ್ಲಿ, ಅಂದರೆ ನನಗೆ ಸಾಧ್ಯವಾದಷ್ಟು ಮೆತ್ತಗಿನ ದನಿಯಲ್ಲಿ ಹೇಳಿದೆ.

‘ನೋಡಮ್ಮ, ದಿನಾ ಬಸ್ಸಿನ ಸದ್ದು ಕೇಳಿ ಕೇಳಿ ತಲೆ ಚಿಟ್ಟು ಹಿಡಿದೈತೆ. ಬಸ್ಸೇ ಇಲ್ಲದ ಜಾಗ ಬೇಕು ಅಂತ ಹುಡುಕ್ಕೊಂಡು ಇಲ್ಲಿಗೆ ಬರ್ತೀನಿ. ಅಷ್ಟೇ ವಿಷಯ.’

ಮುನಿವೆಂಕಟಮ್ಮ ಈ ಸಲ ನಗದೆ, ಚೀಲದ ಬಾಯಿ ಬಿಗಿದು ಕಟ್ಟಿದರು. ಮೊದಲ ಸಲ ನನ್ನ ಮಾತನ್ನು ಒಬ್ಬರು ನಂಬಿದರು ಎಂದು ನನಗನಿಸಿತು.

‘ಬಸ್ಸಿಲ್ಲದ ಜಾಗ ಹುಡುಕೋದ್ಯಾಕೆ ಸಾರ್,’ ಎಂದರು. ‘ನಮ್ಮನ್ನ ಕೇಳಿದ್ರೆ ಆಗ್ತಿತ್ತು. ಹುಟ್ದಾಗಿಂದ ಅಲ್ಲೇ ಇದೀವಿ.’

ಸಿಟ್ಟಿನಿಂದ ಹೇಳಿದ್ದಲ್ಲ. ಹೇಳಿ, ಮಂಡಿ ಹಿಡಿದುಕೊಂಡು ಎದ್ದು ಹೊರಟರು. ಅಂದು ಸೈಕಲ್ ತುಳಿಯಲು ಮನಸ್ಸಾಗದೆ ತಳ್ಳಿಕೊಂಡೇ ಮನೆಗೆ ಬಂದೆ. ಸೊಪ್ಪನ್ನೂ ಮರೆತಿದ್ದೆ.

ಇದಾಗಿ ಸ್ವಲ್ಪ ದಿನಕ್ಕೆ ಡಿಪೋ ಮ್ಯಾನೇಜರು ಕರೆಸಿದರು. ಹೋಗಿ ನೋಡಿದರೆ ಕೋಣೆಯ ತುಂಬ ಯರ್ರಪ್ಪನಹಳ್ಳಿ. ಎರಡೂ ಪಕ್ಷಗಳು ಒಂದಾಗಿ ಬಂದಿದ್ದವು. ಮುಂದೆ ನಾರಾಯಣಪ್ಪ, ಗೋಡೆಗೊರಗಿ ಮುನಿವೆಂಕಟಮ್ಮ, ಮೇಜಿನ ಮೇಲೆ ಒಂದು ಕ್ರೇಟು ಟೊಮ್ಯಾಟೊ.

‘ಏನ್ರೀ,’ ಎಂದರು ಮ್ಯಾನೇಜರು, ‘ನನಗೊಂದು ಮಾತು ಹೇಳದೆ ರೂಟ್ ಸರ್ವೆ ಮಾಡಿದೀರಂತೆ?’

ನಾನು ಬಾಯಿ ತೆರೆಯುವಷ್ಟರಲ್ಲಿ ನಾರಾಯಣಪ್ಪ, ‘ಬಾಳ ನಿಯತ್ತಾಗಿ ಮಾಡಿದಾರೆ ಸಾರ್. ರಜಾ ದಿನಾನೂ ಬಿಟ್ಟಿಲ್ಲ’ ಎಂದ.

ಮ್ಯಾನೇಜರು ಸ್ವಲ್ಪ ಯೋಚಿಸಿದರು. ನಾವಿಬ್ಬರೂ ಮೇಲಿನವರಿಂದ ಬೈಸಿಕೊಳ್ಳುವ ಬದಲು ಹೊಗಳಿಸಿಕೊಳ್ಳುವ ದಾರಿ ಕಂಡಿತೋ ಏನೋ, ಮುಖ ಸಡಿಲವಾಯಿತು. ‘ಸರಿ, ಅದಿರ್ಲಿ. ಇರೋದೊಂದು ಮಿನಿ ಬಸ್ಸು ಖಾಲಿ ಇದೆ. ಆ ದಾರೀಲಿ ಓಡುತ್ತಾ, ಇಲ್ವಾ? ನೀವು ಹೂಂ ಅಂದ್ರೆ ಬರೆದು ಕಳಿಸ್ತೀನಿ, ಊಹೂಂ ಅಂದ್ರೆ ಇಲ್ಲಿಗೆ ಬಿಟ್ಟೆ. ಹೇಳಿ.’

ಓದುಗರೇ, ಇದಕ್ಕಿಂತ ಸುಲಭದ ಕೆಲಸ ಯಾವನಿಗೂ ಸಿಕ್ಕಲಾರದು. ‘ಓಡಲ್ಲ ಸಾರ್’ ಎಂಬ ಎರಡು ಮಾತು. ಕಾಲುವೆ ನನ್ನದು, ಮಿಂಚುಳ್ಳಿ ನನ್ನದು, ಆ ಒಂದು ಗಂಟೆ ನನ್ನದು. ಆಡಿಬಿಡೋಣವೆಂದೇ ಬಾಯಿ ತೆರೆದೆ. ಆದರೆ ಅಷ್ಟು ವರ್ಷ ಯಾವ ಬಸ್ಸು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೇ ಕೂಗಿದ ಗಂಟಲು ಇದು. ಒಮ್ಮೆ ತೆರೆದರೆ ನನ್ನ ಮಾತು ಕೇಳುವುದಿಲ್ಲ. ಮುನಿವೆಂಕಟಮ್ಮ ಬೇರೆ ನನ್ನನ್ನು ನೋಡುತ್ತಿರಲಿಲ್ಲ. ನೋಡಿದ್ದರೆ ನಾಚಿಕೆಯಿಲ್ಲದೆ ಸುಳ್ಳು ಹೇಳಿಬಿಡುತ್ತಿದ್ದೆ. ಆಕೆ ಏನೂ ನಿರೀಕ್ಷೆಯಿಲ್ಲದವರಂತೆ ಕಿಟಕಿಯಾಚೆ ನಿಂತ ಬಸ್ಸುಗಳನ್ನು ನೋಡುತ್ತಿದ್ದರು.

‘ಮಿನಿ ಬಸ್ಸು ಆರಾಮಾಗಿ ಓಡುತ್ತೆ ಸಾರ್,’ ಎಂದಿತು ನನ್ನ ಗಂಟಲು. ‘ನೆಲ ಗಟ್ಟಿ ಇದೆ. ಹೊಂಗೆಮರದ ಹತ್ರ ತಿರುಗಿಸ್ಕೊಳ್ಳೋಕೆ ಜಾಗ ಇದೆ. ಪಂಚಾಯ್ತಿಯವರು ಒಂದು ಸಲ ಜಲ್ಲಿ ಹಾಕಿಸಿದ್ರೆ ಮಳೆಗಾಲಕ್ಕೂ ತೊಂದ್ರೆ ಇಲ್ಲ.’

‘ಟೈಮು? ಬಂಡಿ, ಟ್ರ್ಯಾಕ್ಟರ್ ಎದುರು ಬಂದ್ರೆ ಕಷ್ಟ ಅಲ್ವೇನ್ರಿ. ಯಾವಾಗ ಖಾಲಿ ಇರುತ್ತೆ?’

‘ಬೆಳಗ್ಗೆ ಆರೂವರೆಗೆ ಸಾರ್’ ಎಂದೆ. ‘ಆಗ ಒಂದು ನರಪಿಳ್ಳೆಯೂ ಇರಲ್ಲ.’

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮ್ಯಾನೇಜರು ಬರೆದುಕೊಂಡಾಗಿತ್ತು. ಬೇರೆ ಯಾವ ಹೊತ್ತನ್ನು ಹೇಳಿದ್ದರೂ ನಡೆಯುತ್ತಿತ್ತು, ಎಂಟು ಇತ್ತು, ಒಂಬತ್ತು ಇತ್ತು. ಮನೆಗೆ ಬಂದು ಸುಜಾತಾಗೆ ಹೇಳಿದರೆ ಅವಳು ಟೊಮ್ಯಾಟೊ ಹೆಚ್ಚುವುದನ್ನೂ ನಿಲ್ಲಿಸದೆ, ‘ಮಾಡಿದ್ದುಣ್ಣೋ ಮಹರಾಯ’ ಎಂದಳು.

ಸರ್ಕಾರದ ಕೆಲಸ ನಿಧಾನ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗೆ ಬೇಡವಾದ ಈ ಒಂದು ಕೆಲಸ ಮಾತ್ರ ಬೇಗ ಆಯಿತು. ಜಲ್ಲಿ ಬಿತ್ತು, ಆರ್ಡರ್ ಬಂತು. ಮೊದಲ ದಿನ ಬಸ್ಸಿಗೆ ಚೆಂಡುಹೂವಿನ ಹಾರ ಹಾಕಿ, ನನ್ನ ಕೈಲೇ ತೆಂಗಿನಕಾಯಿ ಒಡೆಸಿದರು. ಕಾಯಿ ಚೆನ್ನಾಗಿ ಒಡೆಯಿತು. ಅದೂ ನನ್ನ ಮಾತು ಕೇಳಲಿಲ್ಲ. ಸಂಭ್ರಮ ಮುಗಿದ ಮೇಲಾದರೂ ಬಸ್ಸು ಬರುವ ಮೊದಲು ಸ್ವಲ್ಪ ಮೌನ ಸಿಕ್ಕೀತು ಎಂಬ ಆಸೆಯಿಂದ ಮಾರನೆಯ ಬೆಳಗ್ಗೆ ಸ್ವಲ್ಪ ಮುಂಚೆಯೇ ಸೈಕಲ್ ಹತ್ತಿದೆ. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ಹಾರನ್ ಕೇಳಿಸಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುತ್ತಾರಲ್ಲ, ಅದು. ಎಡಕ್ಕೆ ನೀರು, ಬಲಕ್ಕೆ ಹೊಸದಾಗಿ ಹಾಕಿದ ಮುಳ್ಳುತಂತಿ, ಸರಿಯಲು ಜಾಗವಿಲ್ಲ. ಡ್ರೈವರ್ ನಮ್ಮ ಡಿಪೋದ ಹುಡುಗನೇ, ನನ್ನ ಮೇಲಿನ ಗೌರವಕ್ಕೆ ಹಾರನ್ ನಿಲ್ಲಿಸಲೇ ಇಲ್ಲ. ನಾನು ಮುಂದೆ ತುಳಿಯುವುದು, ಬಸ್ಸು ಹಿಂದೆ ಅರಚುವುದು. ಮಂತ್ರಿಗಳ ಕಾರಿಗೆ ಮುಂದೆ ಪೊಲೀಸ್ ಜೀಪು ಹೋಗುತ್ತದಲ್ಲ, ಹಾಗೆ ನಾನು ಆ ಬಸ್ಸನ್ನು ಬೆವರಿಳಿಸಿಕೊಂಡು ಹೊಂಗೆಮರದ ತನಕ ಕರೆದೊಯ್ದೆ. ಅಲ್ಲಿ ಪಕ್ಕಕ್ಕೆ ಹಾರಿ, ಚಪ್ಪಡಿಗೆ ಸೈಕಲ್ ಒರಗಿಸಿ ಏದುಸಿರು ಬಿಡುತ್ತಾ ನಿಂತೆ. ಬಸ್ಸು ತಿರುಗಿಸಿಕೊಂಡು, ಕಾಯುತ್ತಿದ್ದವರನ್ನೆಲ್ಲ ಹತ್ತಿಸಿಕೊಂಡಿತು. ಕಿಟಕಿಯ ಪಕ್ಕ, ಗೂಡಿನ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುನಿವೆಂಕಟಮ್ಮ ಕೂತರು. ಬಸ್ಸು ಹೊರಡುವಾಗ ನನ್ನತ್ತ ಬಗ್ಗಿ, ಮುಖ ತುಂಬ ನಗುತ್ತಾ ಕೇಳಿದರು:

‘ಏನ್ ಸಾರ್, ದೂರಾ?’

ಉತ್ತರ ಹೇಳಲು ನನ್ನಲ್ಲಿ ಉಸಿರಿರಲಿಲ್ಲ. ಇದ್ದಿದ್ದರೂ ‘ಸುಮ್ನೆ’ ಎನ್ನುವ ಧೈರ್ಯ ಇರಲಿಲ್ಲ. ಬಸ್ಸಿನೊಳಗಿನವರೆಲ್ಲ ಕೈ ಬೀಸಿದರು. ನಾನೂ ಬೀಸಿದೆ. ನನಗೆ ತುಂಬಾ ಸಿಟ್ಟು ಬಂದಿತ್ತು. ಯಾರ ಮೇಲೆಂದು ಮಾತ್ರ ಹೊಳೆಯಲಿಲ್ಲ. ಆಕೆ ಇನ್ನು ನಡೆಯಬೇಕಾಗಿಲ್ಲವಲ್ಲ ಎಂಬ ಸಂತೋಷವೂ ಅದರೊಳಗೆಲ್ಲೋ ಸೇರಿಕೊಂಡು ಸಿಟ್ಟನ್ನು ನೆಟ್ಟಗೆ ಅನುಭವಿಸಲೂ ಬಿಡಲಿಲ್ಲ.

ಈಗ ದಿನಾ ಮೈಕಿನಲ್ಲಿ, ‘ಕಾಲುವೆ ದಂಡೆ ಮಾರ್ಗವಾಗಿ ಯರ್ರಪ್ಪನಹಳ್ಳಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ’ ಎಂದು ನಾನೇ ಕೂಗುತ್ತೇನೆ. ಮೊನ್ನೆ ಮಾಲೂರಿನ ಲಕ್ಕೂರಿನಿಂದ ಸುಜಾತಾಳ ತಮ್ಮನ ಫೋನು ಬಂದಿತ್ತು. ‘ಭಾವ, ನಮ್ಮೂರಿಗೂ ಒಂದು ಬಸ್ಸು ಕಮ್ಮಿ ಬಿದ್ದೈತೆ. ಒಂದೆರಡು ದಿನ ಸೈಕಲ್ ತಗೊಂಡು ಬಂದು ಈ ಕಡೆ ಓಡಾಡ್ಕೊಂಡು ಹೋಗ್ತೀರಾ?’ ಎಂದ. ನನ್ನ ಸೈಕಲ್ ಹೋದಲ್ಲಿಗೆ ಬಸ್ಸು ಬರುತ್ತದೆ ಎಂಬ ಸುದ್ದಿ ಮುಳಬಾಗಿಲು ದಾಟಿ ಕೋಲಾರ ದಾಟಿ ಅಲ್ಲಿಯವರೆಗೂ ಹೋಗಿದೆ. ಬರುವುದಿಲ್ಲ ಎಂದೆ. ‘ಗೊತ್ತು ಬಿಡಿ ಭಾವ, ಫೋನಲ್ಲಿ ಹೇಳಂಗಿಲ್ಲ’ ಎಂದು ಇಟ್ಟ.

ನಾನೀಗ ಇನ್ನೊಂದು ಕಾಲುವೆ ಕಂಡುಕೊಂಡಿದ್ದೇನೆ. ಅಲ್ಲಿ ಮುಳ್ಳಿದೆ, ಗುಂಡಿಯಿದೆ, ಯಾರೂ ಇಲ್ಲ, ಮತ್ತು ನಾನು ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತೇನೆ. ಅದು ಯಾವ ಊರ ಹತ್ತಿರ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಅಂತ ಮೊದಲೇ ಹೇಳಿದ್ದೇನೆ.